ಎರಡು ನೀಲಿ ಬಾಟಲಿಗಳು

ಬಾಟಲಿ ನೀನು ತೆಗೆಯಲಿಲ್ಲ, ದೇಚಮ್ಮ. ಆ ಶುಕ್ರವಾರ ಗಾಜಿನ ಫನೆಲಿನಲ್ಲಿ ಒಣಗುತ್ತಿದ್ದದ್ದು ನೈಟ್ರೇಟ್ ಅಲ್ಲ, ಪರ್ಕ್ಲೋರೇಟ್. ಅದು ನನಗೆ ಗೊತ್ತಿತ್ತು. ನೀನು ಫೋನಿನಲ್ಲಿ ಕೇಳಿದಾಗಲೂ ಗೊತ್ತಿತ್ತು — ಗೊತ್ತಿದ್ದೂ ನೈಟ್ರೇಟ್ ಎಂದೆ.

ಮೊನ್ನೆ ಭಾನುವಾರ ಫರೀದಾಬಾದಿನ ನಿನ್ನ ಮನೆಯಲ್ಲಿ ಇದರ ಮೊದಲ ಒಂದೆರಡು ಮಾತನ್ನಷ್ಟೇ ಹೇಳಲು ನನ್ನಿಂದ ಆಯಿತು. ಉಳಿದದ್ದನ್ನು ಹೇಳದೆಯೇ ಎದ್ದು ಬಂದೆ. ಅರ್ಧ ಹೇಳಿ ಸುಮ್ಮನಾಗುವುದೂ ಸುಳ್ಳೇ, ಮತ್ತು ಆ ಬಗೆಯ ಸುಳ್ಳಿನಲ್ಲಿ ನಾನು ಚೆನ್ನಾಗಿ ಪಳಗಿದವಳು. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಏಕೆಂದರೆ ಗೊತ್ತು ಎಂದು ನೀನು ನಂಬಿರುವುದರಲ್ಲಿ ಎಷ್ಟೋ ಭಾಗ ನಾನೇ ನಿನ್ನ ತಲೆಗೆ ತುಂಬಿದ್ದು. ಬೇರೆ ಯಾರಾದರೂ ಓದಿದರೆ ಓದಲಿ. ಇಷ್ಟು ವರ್ಷ ನಾನು ಹೆದರಿದ್ದು ಅದಕ್ಕೇ ಅಲ್ಲವೇ — ಬೇರೆಯವರಿಗೆ ತಿಳಿದುಬಿಟ್ಟೀತು ಎಂದು?

ಆಗ ನಾನು ದಕ್ಷಿಣ ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ.ಯ ಕೊನೆಯ ಹಂತದಲ್ಲಿದ್ದೆ. ನೀನು ಹೊಸದಾಗಿ ಸೇರಿದವಳು. ನನ್ನ ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಮನೆ ಆರ್.ಕೆ. ಪುರದ ಕ್ವಾರ್ಟರ್ಸಿನಲ್ಲಿ. ಲ್ಯಾಬಿನ ಹೊತ್ತುಗೊತ್ತಿಲ್ಲದ ಕೆಲಸಕ್ಕೆ ಹತ್ತಿರವಾಗಲೆಂದು ನಾನು ಮುನಿರ್ಕಾದಲ್ಲಿ ಒಂದು ಕೋಣೆ ಹಿಡಿದಿದ್ದೆ. ನೀನು ಕೊಡಗಿನ ಸುಬೇದಾರರ ಮಗಳು, ಅಪ್ಪನ ವರ್ಗಾವಣೆಯ ಹಿಂದೆ ಊರೂರು ಸುತ್ತಿ ಓದಿದವಳು. ಮೊದಲ ದಿನ ನಾನು ಕಟ್ಟಿಕೊಂಡ ಪಿಪೆಟ್ಟಿಗೆ “ನಿನ್ನ ಮನೆ ಹಾಳಾಗ” ಎಂದು ಬಯ್ಯುತ್ತಿದ್ದುದು ಕೇಳಿ ಪಕ್ಕದ ಕೋಣೆಯಿಂದ ಓಡಿ ಬಂದೆಯಲ್ಲ, “ಅಯ್ಯೋ ಅಕ್ಕಾ, ನೀವು ಕನ್ನಡದವರಾ!” ಎಂದು — ಅಂದಿನಿಂದ ನಾನು ನಿನಗೆ ಅಕ್ಕ. ನಾನು ಹೇಳಿದ್ದನ್ನೆಲ್ಲ ನೀನು ನಂಬುತ್ತಿದ್ದೆ. ನನಗೆ ಅದು ಹಿಡಿಸಿತ್ತು. ಯಾರಿಗೆ ತಾನೇ ಹಿಡಿಸದು.

ನಮ್ಮ ಕೆಲಸ ತಾಮ್ರದ್ದು. ನಿನಗೆ ನೆನಪಿದೆಯೇ, ತಾಮ್ರದ ಉಪ್ಪಿಗೆ ಒಂದು ತೊಟ್ಟು ಅಮೋನಿಯಾ ಬಿಟ್ಟಾಗ ತಿಳಿನೀಲಿ ಹೋಗಿ ಕಡುನೀಲಿ ಬರುವುದನ್ನು ಮೊದಲ ಸಲ ನೋಡಿದವಳ ಹಾಗೆ ಪ್ರತಿ ಸಲವೂ ನೀನು ಹಿಗ್ಗುತ್ತಿದ್ದೆ. ಲೋಹದ ಅಯಾನು ನಡುವೆ ಕೂತಿರುತ್ತದೆ. ಸುತ್ತಲೂ ಬೇರೆ ಅಣುಗಳು ಅದನ್ನು ಹಿಡಿದುಕೊಂಡಿರುತ್ತವೆ. ಯಾರು ಹಿಡಿದಿದ್ದಾರೆ, ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಎಂಬುದರ ಮೇಲೆ ಬಣ್ಣ. ಆ ಗುಂಪಿಗೇ ಸಂಕೀರ್ಣ ಎಂಬ ಹೆಸರು. ಆದರೆ ಹರಳಾಗಿ ನಿಲ್ಲಬೇಕಾದರೆ ಅದಕ್ಕೆ ಹೊರಗೊಬ್ಬ ಜೊತೆಗಾರ ಬೇಕು, ವಿದ್ಯುದಂಶದ ಲೆಕ್ಕ ಸರಿದೂಗಿಸಲು. ನೈಟ್ರೇಟ್ ಆಗಬಹುದು, ಪರ್ಕ್ಲೋರೇಟ್ ಆಗಬಹುದು. ನಮ್ಮ ಸಂಕೀರ್ಣದಲ್ಲಿ ಈ ಜೊತೆಗಾರ ತಾಮ್ರವನ್ನು ಮುಟ್ಟುತ್ತಿರಲಿಲ್ಲ, ಬಣ್ಣಕ್ಕೆ ಅವನ ಕಾಣಿಕೆ ಏನೂ ಇರಲಿಲ್ಲ. ಆದ್ದರಿಂದ ಹರಳನ್ನು ಕಣ್ಣಿನಿಂದ ನೋಡಿ ಹೊರಗೆ ನಿಂತವನು ಯಾರೆಂದು ಹೇಳಲು ಬರುತ್ತಿರಲಿಲ್ಲ. ಎರಡೂ ಅದೇ ನೇರಳೆ ಬೆರೆತ ನೀಲಿ.

ನೈಟ್ರೇಟಿನಲ್ಲಿ ನನಗೆ ಹರಳು ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಪ್ರಯತ್ನಿಸಿದರೂ ರಂಗೋಲಿಪುಡಿಯಂಥ ಪುಡಿ. ಎಕ್ಸ್-ರೇಗೆ ಹಾಕಿ ರಚನೆ ತಿಳಿಯಬೇಕಾದರೆ ಒಂದಾದರೂ ಚೊಕ್ಕ ಹರಳು ಬೇಕಿತ್ತು. ಅದಿಲ್ಲದೆ ನನ್ನ ಪ್ರಬಂಧ ಕುಂಟುತ್ತಿತ್ತು, ಫೆಲೋಶಿಪ್ ಮುಗಿಯುತ್ತ ಬಂದಿತ್ತು. ಪರ್ಕ್ಲೋರೇಟ್ ಹಾಕಿದರೆ ಸುಂದರ ಹರಳು ಬರುತ್ತದೆ ಎಂಬುದು ನಮ್ಮ ಕಸುಬಿನವರೆಲ್ಲರಿಗೂ ಗೊತ್ತು. ಅದು ಯಾವಾಗ ಸಿಡಿಯುತ್ತದೋ ಹೇಳಲಾಗದು ಎಂಬುದೂ ಅಷ್ಟೇ ಗೊತ್ತು. ಉರಿಯುವುದು, ಉರಿಸುವುದು ಎರಡೂ ಒಂದೇ ಹರಳಿನೊಳಗೆ ಮೈಗೆ ಮೈ ತಾಗಿಸಿ ಕೂತಿರುತ್ತವೆ. ಒಣಗಿದ ಮೇಲೆ ಲೋಹದ ಚಮಚದಲ್ಲಿ ಕೆರೆದರೂ ಸಾಕು, ಕೆಲವೊಮ್ಮೆ. ಕೆಲವೊಮ್ಮೆ ಏನೂ ಆಗುವುದಿಲ್ಲ. ಆ ‘ಕೆಲವೊಮ್ಮೆ’ಯ ಮೇಲೆಯೇ ನಾನು ನಂಬಿಕೆ ಇಟ್ಟದ್ದು.

ನಮ್ಮ ಗೈಡ್ ಸರ್ ಈ ವಿಷಯದಲ್ಲಿ ಕಟ್ಟುನಿಟ್ಟು. “ಪರ್ಕ್ಲೋರೇಟ್ ಮೇರೇ ಲ್ಯಾಬ್ ಮೇಂ ನಹೀ, ಪೀರಿಯಡ್” ಎಂದು ಸೇರಿದ ದಿನವೇ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಆದರೂ ಹಿಂದಿನವರು ಬಿಟ್ಟುಹೋದ ತಾಮ್ರದ ಪರ್ಕ್ಲೋರೇಟ್ ಬಾಟಲಿಯೊಂದು ಕಪಾಟಿನ ಮೇಲಿನ ಹಲಗೆಯಲ್ಲಿ ಉಳಿದಿತ್ತು. ಅದರ ಪಕ್ಕದಲ್ಲೇ ತಾಮ್ರದ ನೈಟ್ರೇಟ್. ಎರಡೂ ನೀಲಿ, ಎರಡೂ ತೇವ ಹೀರಿ ಗಟ್ಟಿಕಟ್ಟಿಕೊಂಡವು, ಎರಡರ ಚೀಟಿಗಳೂ ಮಾಸಿದ್ದವು. ಆ ಎರಡು ಬಾಟಲಿಗಳು ಅಕ್ಕಪಕ್ಕ ಇದ್ದುದೇ ಮುಂದೆ ನನಗೆ ಒದಗಿ ಬಂತು.

ಮೊದಲ ಸಲ ಕದ್ದು ಮಾಡಿದಾಗ ನೀನು ಊರಿಗೆ ಹೋಗಿದ್ದೆ. ಸ್ವಲ್ಪವೇ ಮಾಡಿದೆ. ಎಂಥ ಹರಳುಗಳು ಗೊತ್ತೇ! ಕುಂದಣದ ಕಲ್ಲುಗಳ ಹಾಗೆ ಕೊರೆದಿಟ್ಟಂಥ ಮುಖಗಳೊಂದಿಗೆ ಬಂದಿದ್ದವು. ಒಂದನ್ನು ಎಕ್ಸ್-ರೇಗೆ ಕಳಿಸಿದೆ. ರಚನೆ ಕೈಗೆ ಬಂದ ಮೇಲೆ ಸರ್ ಹತ್ತಿರ ಹೇಳಿಕೊಂಡರಾಯಿತು, ಗೆದ್ದೆತ್ತಿನ ಬಾಲ ಹಿಡಿಯದವರು ಯಾರು — ಹೀಗೆ ಲೆಕ್ಕ ಹಾಕಿದೆ. ಸರ್ ಲ್ಯಾಬಿನ ಜಾಡಿಗಳನ್ನು ಆಗಾಗ ತೆರೆದು ನೋಡುತ್ತಿದ್ದರು. ಆದ್ದರಿಂದ ಉಳಿದ ಹರಳುಗಳ ಸಣ್ಣ ಶೀಶೆಯನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡು, ತುಂಬಿದ ಬಸ್ಸಿನಲ್ಲಿ ನಿಂತು, ಮುನಿರ್ಕಾದ ಕೋಣೆಗೆ ತಂದು ಬೀರುವಿನ ಮೇಲಿನ ಟಿಫಿನ್ ಡಬ್ಬಿಯಲ್ಲಿಟ್ಟೆ. ಆಗ ಹೆದರಿಕೆಯೇ ಆಗಲಿಲ್ಲ ನೋಡು. ಅದರ ಕೆಳಗೇ ಮಲಗುತ್ತಿದ್ದೆ.

ಎರಡನೆಯ ಸಲ ಹೆಚ್ಚು ಮಾಡಬೇಕಾಯಿತು, ಬೇರೆ ಅಳತೆಗಳಿಗೆ. ಆ ಗುರುವಾರ ನೀನು ನನ್ನ ಜೊತೆಗಿದ್ದೆ. ಕಪಾಟಿನಿಂದ ಬಾಟಲಿ ಇಳಿಸಿ, ನೀಲಿ ಉಪ್ಪನ್ನು ತೂಗಿ, ಬೀಕರಿಗೆ ಹಾಕಿ ನಿನ್ನ ಕೈಗೆ ಕೊಟ್ಟವಳು ನಾನು. “ಇದನ್ನು ಕರಗಿಸು” ಎಂದೆ. ನೀನು ಅದೇನೆಂದು ಕೇಳಲಿಲ್ಲ. ನೈಟ್ರೇಟ್ ಎಂದೇ ಎಣಿಸಿದ್ದೆ. ಹಾಡು ಗುನುಗುತ್ತ ಕರಗಿಸಿದೆ. ಬಾಟಲಿಯನ್ನು ನೀನು ಮುಟ್ಟಲಿಲ್ಲ, ದೇಚಮ್ಮ — ಮುಟ್ಟಲೇ ಇಲ್ಲ. ಇದನ್ನು ಇನ್ನೂ ನೂರು ಸಲ ಬರೆಯಬಲ್ಲೆ.

ಮರುದಿನ ವರಮಹಾಲಕ್ಷ್ಮಿ ಹಬ್ಬ. ಬೆಳಗ್ಗೆ ಹರಳುಗಳನ್ನು ಸೋಸಿ, ಫನೆಲಿನಲ್ಲೇ ಆರಲು ಬಿಟ್ಟೆ. ಮಧ್ಯಾಹ್ನ ಬಂದು ನಾನೇ ಒದ್ದೆ ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚಮಚದಲ್ಲಿ ತೆಗೆಯಬೇಕು ಎಂದುಕೊಂಡಿದ್ದೆ. ಆದರೆ ಬೆಳಗಿನಿಂದಲೇ ಅಮ್ಮನ ಫೋನು. “ಕೂತ ಲಕ್ಷ್ಮಿಗೆ ಆರತಿ ಎತ್ತೋಕೂ ಮಗಳು ಬರಲ್ಲ ಅಂದ್ರೆ ನಾಲ್ಕು ಜನ ಏನಂತಾರೆ? ಒಂದು ಗಳಿಗೆ ಬಂದು ಹೋಗೇ ಸುಮಾ.” ಹೋದೆ. ಕಳಶಕ್ಕೆ ಸೀರೆ ಉಡಿಸಿದ್ದರು, ಕ್ವಾರ್ಟರ್ಸಿನ ಕನ್ನಡದ ಹೆಂಗಸರೆಲ್ಲ ಸೇರಿದ್ದರು, ಹೂರಣದ ಹೋಳಿಗೆಯ ವಾಸನೆ ಮೆಟ್ಟಿಲ ತನಕ ಬರುತ್ತಿತ್ತು. ಒಂದು ಗಳಿಗೆ ಎಂದದ್ದು ಬೆಳೆಯಿತು. ಹೊರಗೆ ಮಳೆ ಹನಿಯತೊಡಗಿತು.

ಆಗ ನಿನ್ನ ಫೋನ್ ಬಂತು.

“ಅಕ್ಕಾ, ಇಲ್ಲಿ ಗಾಳಿ ಪೂರಾ ತೇವ ಆಗಿದೆ. ನಿಮ್ಮ ಕ್ರಿಸ್ಟಲ್ಸ್ ಹಾಳಾಗಿಬಿಡುತ್ತೆ. ನಾನೇ ತೆಗೆದು ಡೆಸಿಕೇಟರಿಗೆ ಹಾಕಿಬಿಡಲಾ?”

ತೇವ ಸೋಕದಂತೆ ಇಡುವ ಆ ಗಾಜಿನ ಜಾಡಿಗೆ. ಒಳ್ಳೆಯ ಮನಸ್ಸಿನಿಂದಲೇ ನೀನು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಹಿಂದಿನಿಂದ ಸರ್ ದನಿ ಕೇಳಿಸಿತು — “ಕೌನ್ ಸಾ ಸಾಲ್ಟ್ ಹೈ?” ಕೈಗೆ ಗ್ಲೌಸ್ ಇದ್ದುದರಿಂದ ನೀನು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ನನ್ನ ಉತ್ತರ ನಿನ್ನ ಕಿವಿಗಷ್ಟೇ ಅಲ್ಲ, ಅವರ ಕಿವಿಗೂ ಬೀಳುವುದಿತ್ತು.

“ಅಕ್ಕಾ, ಸರ್ ಕೇಳ್ತಿದ್ದಾರೆ. ಇದು ನೈಟ್ರೇಟೇ ತಾನೆ?”

ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ. ಮುಟ್ಟಬೇಡ, ನಾನೇ ಬರುತ್ತೇನೆ ಎಂದಿದ್ದರೆ ಸಾಕಿತ್ತು — ಅಷ್ಟಕ್ಕೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಈ ಮಾತು ನನಗೆ ಹೊಳೆದದ್ದು ಆಮೇಲೆ. ಆ ಕ್ಷಣಕ್ಕೆ ಹೊಳೆದದ್ದು ಸರ್ ಮುಖ, ನಿಂತುಹೋಗುವ ಪಿಎಚ್.ಡಿ., ಆಫೀಸಿನಲ್ಲಿ ಎಲ್ಲರಿಗೂ ಮಗಳು ಡಾಕ್ಟರೇಟ್ ಮಾಡುತ್ತಾಳೆಂದು ಹೇಳಿಕೊಂಡು ತಿರುಗುತ್ತಿದ್ದ ಅಪ್ಪ. ನಿನ್ನ ಮುಖ ಹೊಳೆಯಲಿಲ್ಲ. ಇದನ್ನೂ ನಿನಗೆ ಹೇಳಬೇಕು.

“ಹೌದು, ನೈಟ್ರೇಟ್” ಎಂದೆ.

“ಅಚ್ಛಾ, ಹಾಗಾದ್ರೆ ಸ್ಟೀಲ್ ಸ್ಪಾಚುಲಾದಲ್ಲಿ ಕೆರೆದು ತೆಗಿತೀನಿ. ನೀವು ಆರಾಮಾಗಿ ಹೋಳಿಗೆ ತಿನ್ನಿ ಅಕ್ಕಾ, ನನಗೂ ತನ್ನಿ!”

ಫೋನ್ ಇಟ್ಟೆ. ಕೆಲವೊಮ್ಮೆ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಆರತಿ ಹಾಡು ಶುರುವಾಗಿತ್ತು, ಅಮ್ಮ ಕೈಸನ್ನೆ ಮಾಡಿ ಕರೆಯುತ್ತಿದ್ದರು. ಹೋಗಿ ತಟ್ಟೆಗೆ ಕೈ ಹಚ್ಚಿದೆ. ಹಾಡಿನ ನಡುವೆಯೇ ಅದನ್ನು ಪಕ್ಕದವರ ಕೈಗಿತ್ತೆ. ಬಾಲ್ಕನಿಗೆ ಓಡಿದೆ. ನಿನಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಮತ್ತೆ ಮಾಡಿದೆ. ಮಳೆ ಜೋರಾಗಿ ಎದುರಿನ ಕ್ವಾರ್ಟರ್ಸಿನ ಗೋಡೆಯೇ ಕಾಣುತ್ತಿರಲಿಲ್ಲ. ಗ್ಲೌಸ್ ಹಾಕಿದ್ದಾಳೆ, ಅದಕ್ಕೆ ಎತ್ತುತ್ತಿಲ್ಲ — ಗ್ಲೌಸ್, ಅಷ್ಟೇ — ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ದೇವರಿಗೆ ಹರಕೆ ಹೊರಲೂ ಹೆದರಿಕೆಯಾಯಿತು, ಏನೆಂದು ಹೊರುವುದು? ಕೊನೆಗೆ ಯಾರೋ ಎತ್ತಿದರು. ಲ್ಯಾಬಿನ ಹುಡುಗನೊಬ್ಬ ಅಳುತ್ತ, “ದೀದೀ, ಜಲ್ದೀ ಆಜಾಯಿಯೇ” ಎಂದ.

ನಾನು ಲ್ಯಾಬಿಗೆ ಬರುವಾಗ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ದಾಗಿತ್ತು. ಮೇಜಿನ ಮೇಲೆ ಫನೆಲಿನ ಬುಡವೂ ಉಳಿದಿರಲಿಲ್ಲ. ಸರ್ ಆಗಲೇ ತಮ್ಮ ಕೋಣೆಗೆ ಹೋಗಿದ್ದರಂತೆ. ತೇವಕ್ಕೆ ಮಂಜು ಕಟ್ಟಿದ್ದ ರಕ್ಷಣೆಯ ಕನ್ನಡಕವನ್ನು ನೀನು ಹಣೆಗೆ ಏರಿಸಿಕೊಂಡಿದ್ದೆಯಂತೆ, ಹರಳು ಒಂದೂ ವ್ಯರ್ಥವಾಗಬಾರದೆಂದು ಬಗ್ಗಿ ನೋಡುತ್ತಿದ್ದೆಯಂತೆ. ನನ್ನ ಹರಳು. ಬಲಗಣ್ಣು ಹೋಯಿತು. ಬಲಗೈಯ ಎರಡು ಬೆರಳು ಹೋದವು.

ವಿಚಾರಣೆಗೆ ಒಂದು ಸಮಿತಿ ಮಾಡಿದರು. ಸರ್ ಪ್ರಾಮಾಣಿಕರು, ಕೇಳಿದ್ದನ್ನು ಕೇಳಿದಂತೆ ಹೇಳಿದರು: ಸುಮಾ ಫೋನಿನಲ್ಲಿ ನೈಟ್ರೇಟ್ ಎಂದದ್ದನ್ನು ನಾನೇ ಕೇಳಿದೆ, ಅವಳಿಗೂ ತಿಳಿದಿರಲಿಲ್ಲ, ಅವಳೂ ನೈಟ್ರೇಟ್ ಎಂದೇ ನಂಬಿದ್ದಳು. ನೋಡು ವಿಪರ್ಯಾಸ. ನಿನ್ನ ಕಣ್ಣು ಕಳೆದ ಸುಳ್ಳೇ ನನ್ನ ಪರ ಸಾಕ್ಷಿಯಾಯಿತು. ಹಾಗಾದರೆ ಪರ್ಕ್ಲೋರೇಟ್ ಬಂದದ್ದು ಎಲ್ಲಿಂದ? ಗುರುವಾರ ಉಪ್ಪು ಕರಗಿಸಿದವರು ಯಾರು ಎಂದು ನನ್ನನ್ನು ಕೇಳಿದರು.

“ದೇಚಮ್ಮ. ಎರಡು ಬಾಟಲಿಗಳೂ ಅಕ್ಕಪಕ್ಕ ಇರುತ್ತವೆ, ಎರಡೂ ನೀಲಿ. ಹೊಸಬಳು… ಬದಲಾಗಿರಬಹುದು.”

‘ಬಹುದು’ ಎಂದೆ. ಅಷ್ಟರ ಮಟ್ಟಿಗೆ ಜಾಣೆ. ಸಮಿತಿಯವರಿಗೆ ಅದು ಸಾಕಾಯಿತು.

ಆ ವಿಚಾರಣೆಯ ಹಿಂದಿನ ದಿನ ನಡೆದದ್ದು ಯಾರಿಗೂ ಗೊತ್ತಿಲ್ಲ. ಬೀರುವಿನ ಮೇಲಿನ ಶೀಶೆ. ಅದು ಸಿಕ್ಕರೆ, ನಿನಗಿಂತ ಮೊದಲೇ ನಾನು ಅದನ್ನು ಮಾಡಿದ್ದೆನೆಂದು ತಿಳಿಯುತ್ತಿತ್ತು. ನೀರಿನಲ್ಲಿ ಕರಗಿಸಿ ಚೆಲ್ಲಿದರೆ ಮುಗಿಯಿತು, ಸುಲಭದ ಕೆಲಸ. ಟಿಫಿನ್ ಡಬ್ಬಿಯಿಂದ ಶೀಶೆ ತೆಗೆದೆ. ಅದರದ್ದು ತಿರುಚಿ ತೆಗೆಯುವ ಮುಚ್ಚಳ. ಮುಚ್ಚಳದ ಸುತ್ತಿನೊಳಗೆ ಒಂದು ಕಣ ಸಿಕ್ಕಿಕೊಂಡಿದ್ದರೆ? ತಿರುಚುವುದೂ ಕೆರೆದಂತೆಯೇ. ವಾರಗಟ್ಟಲೆ ತಲೆಯ ಮೇಲೆ ಇಟ್ಟುಕೊಂಡು ಮಲಗಿದವಳು, ಅಂದು ಅದನ್ನು ಹಿಡಿದ ಕೈಯನ್ನು ಮೈಯಿಂದ ದೂರ ಚಾಚಿ ನಿಂತೆ. ಮೇಲಿನ ಮಹಡಿಯಲ್ಲಿ ಮನೆಯೊಡತಿಯ ಮಕ್ಕಳು ಧಡಧಡ ಓಡುತ್ತಿದ್ದರು. ಒಂದೊಂದು ಹೆಜ್ಜೆಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕಾಲು ಎತ್ತಿಡಲಾಗದು, ಶೀಶೆ ಕೆಳಗಿಡಲಾಗದು. ಬೆವರಿಗೆ ಬೆರಳು ಜಾರುತ್ತಿತ್ತು. ಬಚ್ಚಲಿನ ಬಕೆಟ್ಟಿಗೆ ನೀರು ತುಂಬಿಸಿ, ಶೀಶೆಯನ್ನು ಪೂರ್ತಿ ಮುಳುಗಿಸಿ, ಬಾಗಿಲ ಮರೆಯಲ್ಲಿ ಬಹಳ ಹೊತ್ತು ಕಾದು, ಕನ್ನಡಕ ಹಾಕಿಕೊಂಡು, ಮುಖ ಆಚೆ ತಿರುಗಿಸಿ, ನೀರಿನೊಳಗೇ ಮುಚ್ಚಳ ಬಿಡಿಸಿದೆ. ಏನೂ ಆಗಲಿಲ್ಲ. ನೀರು ನಿಧಾನವಾಗಿ ನೀಲಿಯಾಯಿತು.

ನನಗಾಗಿ ಒಂದು ಬಕೆಟ್ ನೀರು, ಕನ್ನಡಕ, ಬಾಗಿಲ ಮರೆ. ನಿನಗೆ ನಾನು ಕೊಟ್ಟದ್ದು ಒಂದು ‘ಹೌದು’. ಬಚ್ಚಲಿನ ನೆಲದಲ್ಲಿ ಕೂತು ಅಂದು ಅತ್ತದ್ದು ನಿನಗಾಗಿ ಎಂದು ಬಹಳ ವರ್ಷ ನಂಬಿದ್ದೆ. ಅಲ್ಲ, ಬದುಕಿದೆನೆಂದು ಅತ್ತದ್ದು.

ಇನ್ನು ಆಸ್ಪತ್ರೆ. ಇದನ್ನು ಬರೆಯಲು ಪೆನ್ನು ಓಡದು. ನಿನ್ನ ಅಪ್ಪ ಹಾಸಿಗೆಯ ಪಕ್ಕ ಪೆರೇಡಿನಲ್ಲಿ ನಿಂತಂತೆ ನೆಟ್ಟಗೆ ಕೂತಿದ್ದರು. ನನ್ನನ್ನು ಕಂಡು ಎದ್ದರು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. “ನೀವು ಅಕ್ಕನ ಹಾಗೆ ಇದ್ದೀರಿ ಅಂತಲೇ ನಮಗೆ ಧೈರ್ಯ ಅಮ್ಮಾ” ಎಂದರು. ಅವರು ಕೈ ತೊಳೆಯಲು ಹೊರಗೆ ಹೋದಾಗ ನೀನು ಕಟ್ಟಿಲ್ಲದ ಕಣ್ಣನ್ನು ನನ್ನ ಕಡೆ ಹೊರಳಿಸಿದೆ.

“ಅಕ್ಕಾ, ನನಗೆ ನೆನಪಾಗ್ತಾ ಇಲ್ಲ. ಎಲ್ಲರೂ ಹೇಳ್ತಾರೆ. ಆ ಬಾಟಲಿ… ನಾನೇ ತೆಗೆದೆನಾ?”

ನಿನಗೆ ನಿಜ ಬೇಕಿತ್ತು. ನನ್ನ ಹೊರತು ಅದನ್ನು ಕೊಡಬಲ್ಲವರು ಈ ಲೋಕದಲ್ಲಿ ಯಾರೂ ಇರಲಿಲ್ಲ.

“ಇರಬಹುದು ದೇಚೂ. ಈಗ ಅದನ್ನೆಲ್ಲ ಯೋಚನೆ ಮಾಡಬೇಡ” ಎಂದೆ. ತಲೆ ಸವರಿದೆ ಬೇರೆ.

ನೀನು ಸಂಶೋಧನೆ ಬಿಟ್ಟೆ. ನನ್ನ ಹರಳಿನ ರಚನೆಯನ್ನು ನಾನು ಯಾರಿಗೂ ತೋರಿಸಲಿಲ್ಲ. ಬೇರೆ ಸಂಕೀರ್ಣಗಳ ಮೇಲೆ ಹೇಗೋ ಪ್ರಬಂಧ ಮುಗಿಸಿ, ಗುರುಗ್ರಾಮದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಮೇಡಂ ಆದೆ. ಪ್ರತಿ ವರ್ಷ ಹೊಸ ಮಕ್ಕಳು ಲ್ಯಾಬಿಗೆ ಕಾಲಿಡುವ ಮೊದಲು ಸುರಕ್ಷತೆಯ ಬಗ್ಗೆ ಭಾಷಣ ಮಾಡುವವಳು ನಾನೇ. ಆ ಭಾಷಣದಲ್ಲಿ ಏನು ಹೇಳುತ್ತೇನೆ ಗೊತ್ತೇ? ನಿನ್ನ ಕಥೆ. ಹೆಸರು ಹೇಳದೆ. “ನನ್ನ ಜೊತೆಗೊಬ್ಬ ಹುಡುಗಿ ಇದ್ದಳು, ಒಳ್ಳೆಯವಳು, ಬಾಟಲಿ ನೋಡಿಕೊಳ್ಳದೆ ತೆಗೆದಳು.” ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಯಾರಾದರೂ ಪ್ರಶ್ನೆಗೆ ಕೈ ಎತ್ತಿದರೆ ಮಾತ್ರ ನನ್ನ ಬೆನ್ನಿನಲ್ಲಿ ಬೆವರು ಇಳಿಯುತ್ತದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಇಲ್ಲಿಯತನಕ ಅವರು ಕೇಳಿದ್ದೆಲ್ಲ ಪರೀಕ್ಷೆಯ ವಿಷಯವೇ.

ಹೆದರಿಕೆ ಎಂದರೆ ಬರೀ ಅದಲ್ಲ. ಪ್ರತಿ ಪುತ್ತರಿ ಹಬ್ಬಕ್ಕೂ ನೀನು ಫೋನ್ ಮಾಡುತ್ತಿದ್ದೆ. ನಿನ್ನ ಹೆಸರು ಪರದೆಯ ಮೇಲೆ ಬಂದಾಗಲೆಲ್ಲ, ಇವತ್ತು ನೆನಪಾಗಿಬಿಟ್ಟಿತೇ ಎಂದು ನಾಲ್ಕಾರು ರಿಂಗು ಕಳೆಯುವ ತನಕ ಕಾಯುತ್ತಿದ್ದೆ. “ಅಕ್ಕಾ, ಹಬ್ಬದ ಶುಭಾಶಯ” ಎಂದು ನಕ್ಕರೆ ಸಮಾಧಾನ. ಆ ಸಮಾಧಾನಕ್ಕೆ ನನಗೆ ಇವತ್ತಿಗೂ ಹೇಸಿಗೆ. ಕೆಲವು ಸಲ ಫೋನ್ ಎತ್ತಲಿಲ್ಲ, ಮೀಟಿಂಗ್ ಇತ್ತೆಂದೆ. ಅದನ್ನೂ ನೀನು ನಂಬಿದೆ.

ಹೋದ ತಿಂಗಳ ಫೋನು ಹಬ್ಬದ್ದಲ್ಲ. ನಿನ್ನ ಮಗಳು ದಿಯಾ ಹತ್ತನೆಯದು ಮುಗಿಸಿದ್ದಳು, ಸೈನ್ಸ್ ತೊಗೊಳ್ಳುತ್ತೇನೆಂದು ಹಟ ಹಿಡಿದಿದ್ದಳು.

“ಅಕ್ಕಾ, ನೀವಾದ್ರೂ ಬುದ್ಧಿ ಹೇಳಿ ಅವಳಿಗೆ. ನನ್ನ ಕೈ ಎಂಥದ್ದು ಅಂತ ನಿಮಗೇ ಗೊತ್ತಲ್ಲ. ಅದೇ ಕೈ ಅವಳದ್ದೂ. ಮೊನ್ನೆ ಹಾಲಿಗೆ ಸಕ್ಕರೆ ಅಂತ ಉಪ್ಪು ಹಾಕಿದ್ಲು. ಲ್ಯಾಬಿಗೆ ಕಳಿಸಿ ನಾನು ಮನೇಲಿ ಹೇಗೆ ಕೂರಲಿ?”

ಹಿಂದಿನಿಂದ ದಿಯಾ ಫೋನ್ ಕಿತ್ತುಕೊಂಡಳು. “ಆಂಟೀ, ಪ್ಲೀಸ್, ಆಪ್ ಹೀ ಸಮಝಾಯಿಯೇ ನಾ. ನನಗೆ ಕೆಮಿಸ್ಟ್ರಿನೇ ಬೇಕು. ಮಮ್ಮಾ ಕೆಹತೀ ಹೈ, ನಮ್ಮ ಕೈಯಲ್ಲೇ ಖೋಟ್ ಇದೆಯಂತೆ!”

ಕೈಯಲ್ಲೇ ಖೋಟು, ಕೈಯಲ್ಲೇ ದೋಷ. ನಾನು ತಪ್ಪಿಸಿಕೊಳ್ಳಲು ಆಡಿದ ಒಂದು ‘ಇರಬಹುದು’ ನಿನ್ನ ಕಣ್ಣು, ಬೆರಳು, ಓದು ದಾಟಿ ಈಗ ನಿನ್ನ ಮಗಳ ತನಕ ಬಂದಿತ್ತು. ಬರುತ್ತೇನೆ, ಕೂತು ಮಾತಾಡೋಣ ಎಂದೆ.

ಭಾನುವಾರ ಮೆಟ್ರೋ ಹತ್ತಿ ಬರುವಾಗ ನಡುವೆ ಒಂದು ನಿಲ್ದಾಣದಲ್ಲಿ ಇಳಿದು, ವಾಪಸ್ ಹೋಗುವ ಗಾಡಿಗೆ ಕಾದೆ. ಅದು ಬಂತು, ಬಾಗಿಲು ತೆರೆಯಿತು. ಹತ್ತಲಿಲ್ಲ. ಧೈರ್ಯದಿಂದಲ್ಲ, ಬಾಗಿಲು ಮುಚ್ಚುವ ತನಕ ನೋಡುತ್ತ ನಿಂತೆ, ಅಷ್ಟೇ. ಮುಂದಿನ ಗಾಡಿಯಲ್ಲಿ ನಿನ್ನ ಕಡೆ ಬಂದೆ.

ನಿನ್ನ ಗಂಡ ಫ್ಯಾಕ್ಟರಿಯ ಭಾನುವಾರದ ಪಾಳಿಗೆ ಹೋಗಿದ್ದರು, ದಿಯಾ ಟ್ಯೂಷನ್ನಿಗೆ. ನಿನ್ನ ಅಡುಗೆಮನೆಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಉಪ್ಪು ಸ್ಟೀಲ್ ಡಬ್ಬಿಯಲ್ಲಿ ಕೆಳಗೆ, ಸಕ್ಕರೆ ಗಾಜಿನಲ್ಲಿ ಮೇಲೆ; ಒಂದರಂತೆ ಇನ್ನೊಂದಿರುವ ಎರಡು ಡಬ್ಬಿ ಇಡೀ ಮನೆಯಲ್ಲಿಲ್ಲ. ಔಷಧಿ ಶೀಶೆಯನ್ನು ಯಾರಿಗಾದರೂ ತೋರಿಸದೆ ನೀನು ಮುಚ್ಚಳ ತೆರೆಯುವುದಿಲ್ಲ. “ಕಾಫಿ ಮಾಡ್ತೀನಿ ಅಕ್ಕಾ, ಒಂದು ನಿಮಿಷ ಗ್ಯಾಸ್ ಹಚ್ಚಿ ಕೊಡಿ” ಎಂದೆ. ಆಸ್ಪತ್ರೆಯಿಂದ ಬಂದ ಮೇಲೆ ನೀನು ನಿನ್ನ ಕೈಯಾರೆ ಒಲೆ ಹಚ್ಚಿಯೇ ಇಲ್ಲವಂತೆ. ಗಂಡ ಹಚ್ಚಿಟ್ಟು ಕೆಲಸಕ್ಕೆ ಹೋಗುತ್ತಾರಂತೆ, ದಿಯಾ ಹಚ್ಚಿಟ್ಟು ಶಾಲೆಗೆ. ಇದನ್ನು ನೀನು ನಗುತ್ತ ಹೇಳಿದೆ.

ನಾನು ಲೈಟರ್ ಮುಟ್ಟಲಿಲ್ಲ. ನಿಂತಲ್ಲೇ ಹೇಳಿದೆ. ಬಾಟಲಿ ನೀನು ತೆಗೆಯಲಿಲ್ಲ ದೇಚಮ್ಮ, ನಾನು. ಪರ್ಕ್ಲೋರೇಟ್ ಅಂತ ನನಗೆ ಗೊತ್ತಿತ್ತು.

ನೀನು ಬಯ್ಯಲಿಲ್ಲ. ಅಳಲೂ ಇಲ್ಲ. ಊಟದ ಮೇಜಿನ ಹತ್ತಿರ ಹೋಗಿ ಕೂತೆ, ನಾನೂ ಎದುರು ಕೂತೆ. ಮೂರು ಬೆರಳಿನ ಆ ಕೈಯನ್ನು ಮೇಜಿನ ಮೇಲಿಟ್ಟು, ಯಾರದೋ ಕೈ ಎಂಬಂತೆ ನೋಡುತ್ತಿದ್ದೆ. ಆಮೇಲೆ ಒಂದೇ ಒಂದು ಮಾತು ಕೇಳಿದೆ.

“ಆಸ್ಪತ್ರೇಲಿ ನಾನು ಕೇಳಿದಾಗ?”

“ಆಗಲೂ ಗೊತ್ತಿತ್ತು.”

ನೀನು ಎದ್ದು ಅಡುಗೆಮನೆಗೆ ಹೋದೆ.

ಇನ್ನು ನಾನು ಮಾಡುವುದನ್ನೂ ಇಲ್ಲೇ ಬರೆದುಬಿಡುತ್ತೇನೆ, ಆಮೇಲೆ ನುಣುಚಿಕೊಳ್ಳದ ಹಾಗೆ. ಸರ್ ನಿವೃತ್ತರಾಗಿದ್ದಾರೆ, ಮನೆಯಲ್ಲೇ ಕೂತು ಈಗಲೂ ದಿನವಿಡೀ ಓದುತ್ತಾರಂತೆ. ನಾಳೆ ಅವರ ಮನೆಗೆ ಹೋಗುತ್ತೇನೆ. ಅಲ್ಲಿಂದ ವಿಭಾಗಕ್ಕೆ ಹೋಗಿ, ಸಮಿತಿಯೆದುರು ಸುಳ್ಳು ಹೇಳಿದೆನೆಂದು ಹೇಳುತ್ತೇನೆ. ಹೊಸ ಮಕ್ಕಳು ಬಂದಾಗ ಅದೇ ಕಥೆಯನ್ನು ನನ್ನ ಹೆಸರಿನೊಂದಿಗೆ ಹೇಳುತ್ತೇನೆ — ಆ ಹೊತ್ತಿಗೆ ಹೇಳುವ ಕೆಲಸ ನನ್ನದಾಗಿ ಉಳಿದಿದ್ದರೆ. ಭಯ ಹೋಗಿಲ್ಲ. ಇದನ್ನು ಬರೆಯುವಾಗಲೂ ಅಂಗೈ ಒದ್ದೆಯಾಗಿದೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಎಲ್ಲಿ ಕ್ಷಮಿಸಿಬಿಡುತ್ತೀಯೋ ಎಂದು ಅದಕ್ಕೂ ಭಯ.

ಆ ಭಾನುವಾರ ನಿನ್ನ ಅಡುಗೆಮನೆಯಿಂದ ಲೈಟರಿನ ಸದ್ದು ಬಂತು. ಚಕ್. ಮತ್ತೆ ಚಕ್. ಹತ್ತಲಿಲ್ಲ. ಬರ್ನರಿನಿಂದ ಗ್ಯಾಸ್ ಸುಯ್ಯೆನ್ನುವುದು ಕೇಳಿಸುತ್ತಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದು, “ದೇಚೂ, ಬೇಡ, ನಾನು —” ಎಂದೆ. ನೀನು ತಿರುಗಿ ನೋಡಲಿಲ್ಲ. ಇನ್ನೊಂದು ಸಲ ಒತ್ತಿದೆ. ಭುಗ್ಗೆಂದು ಹತ್ತಿತು. ಬೆಚ್ಚಿ ಕಣ್ಣು ಮುಚ್ಚಿಕೊಂಡವಳು ನಾನು. ನೀನು ಅಲ್ಲೇ ನಿಂತು ಆ ನೀಲಿ ಉರಿಯನ್ನು ನೋಡುತ್ತಿದ್ದೆ.

ಕಾಫಿ ತಂದು ನನ್ನ ಮುಂದಿಟ್ಟೆ. “ತೊಗೊಳ್ಳಿ, ಮೇಡಂ” ಎಂದೆ. ಅಕ್ಕಾ ಎನ್ನಲಿಲ್ಲ. ಅದು ಸರಿಯಾಗಿತ್ತು, ಆದರೂ ಲೋಟ ಎತ್ತಲು ನನ್ನ ಕೈಗೆ ಆಗಲಿಲ್ಲ.

ಅಷ್ಟರಲ್ಲಿ ದಿಯಾ ಬಂದಳು. ಚೀಲ ಸೋಫಾಕ್ಕೆ ಎಸೆದು, ನಮ್ಮಿಬ್ಬರ ಮುಖ ನೋಡಿ, ಹಬೆಯಾಡುವ ಲೋಟ ನೋಡಿ, ಅಡುಗೆಮನೆಯತ್ತ ಇಣುಕಿದಳು.

“ಮಮ್ಮಾ, ಪಾಪಾ ಬಂದ್ರಾ? ಗ್ಯಾಸ್ ಕಿಸ್ನೇ ಜಲಾಯೀ?”

“ನಾನೇ ಹಚ್ಚಿದೆ” ಎಂದೆ ನೀನು. “ಕೈಕಾಲು ತೊಳ್ಕೊಂಡು ಬಾ. ನಿನ್ನ ಸೈನ್ಸಿನ ವಿಷಯ ಮಾತಾಡ್ಬೇಕು.”